ನಿವ್ವಳ ತೂಕ

ಮುಧೋಳದ ಆಚೆ, ಸಕ್ಕರಿ ಫ್ಯಾಕ್ಟರಿ ಗೇಟಿನ ಕಾಟಾದಾಗ
ರಾತ್ರಿ ಪಾಳೆ ನಂದು.
ಟ್ರ್ಯಾಕ್ಟರ್ ಏರತೈತಿ, ಕಬ್ಬಿಣದ ಹಲಗಿ ನರಳತೈತಿ,
ಕೆಂಪು ಅಂಕಿ ಕುಣದು ಕುಣದು ಒಂದ ಕಡೆ ನಿಂದರತಾವು.
ತುಂಬಿದ್ದು ಇಷ್ಟು.
ಕಬ್ಬು ಇಳಿಸಿ ಹೊಳ್ಳಿ ಬಂದಾಗ ಖಾಲಿ ಇಷ್ಟು.
ಕಳದರ ನಿವ್ವಳ.
ಹನ್ನೊಂದು ಹಂಗಾಮ ಆತು,
ಈ ಕಳಿಯೂ ಲೆಕ್ಕದ ಮ್ಯಾಲ ಉಂಡೇನಿ.

ಕ್ರೇನ್ ಕೆಟ್ಟು ಸಾಲು ನಿಂತರ ಫೋನಿನ್ಯಾಗ ಆಡತೇನಿ.
ಆಡಿದ್ದರ ಬಗ್ಗೆ, ರದ್ದಾದ ಚೀಟಿ ಹಿಂದ,
ನಾಕು ಸಾಲು ಬರಿತೇನಿ.
ಯಾರೂ ಕೇಳಿಲ್ಲ, ಇದಕ್ಕ ಪಗಾರೂ ಇಲ್ಲ.
ಕಿಟಕಿ ಗಾಜಿಗೆ ಹಚ್ಚಿದರ
ಡ್ರೈವರ್‌ಗೋಳು ಬೀಡಿ ಸೇದಕೋಂತ ಓದತಾರು.

‘ಒಕ್ಕಲತನದ ಆಟ. ಮೂರು ನಿಮಿಷಕ್ಕ ಕಬ್ಬು ಕಟಾವಿಗೆ ಬರತೈತಿ,
ಬಿಲ್ಲು ಆಗಿಂದಾಗ ಜಮಾ.
ನಾಕು ಸ್ಟಾರ್. ಸುಳ್ಳು ಹೇಳಿದ್ದಕ್ಕ ಒಂದು ಕಟ್.’
ಒಂಟಗೋಡಿ ದುಂಡಪ್ಪ ಗಾಜು ಬಡದು ಅಂದ:
‘ಲೇ, ಆ ಸುಳ್ಳಿಗೇ ನಾಕೂ ಕೊಡಬೇಕಾಗಿತ್ತು.’

‘ಲಾರಿ ಆಟ. ರಸ್ತೆ ಕನ್ನಡಿ ಹಂಗ ಐತಿ,
ಎಲ್ಲೂ ಹಂಪ್ ಇಲ್ಲ, ಅಡ್ಡ ಬರಾಕ ಒಂದು ಎಮ್ಮಿ ಇಲ್ಲ.
ಎರಡು ಸ್ಟಾರ್. ನಿದ್ದಿ ಬಂತು.’
ಅದ ಆಟಕ್ಕ ರೊಕ್ಕ ಕೊಟ್ಟಿದ್ದ ಮೈನುದ್ದೀನ ಸಿಟ್ಟಿಗೆದ್ದ:
‘ಹದಿನಾಲ್ಕು ತಾಸು ಲೋಡ್ ಹೊಡದು ಬಂದು ಅದನ್ನ ಆಡತೇನಿ ನಾ.
ಎಮ್ಮಿ ಇಲ್ಲದ ರಸ್ತೆ ನಿನಗ ನಿದ್ದಿ, ನನಗ ಜನ್ನತ್.’
ಎರಡು ದಿನ ಮಾತು ಬಿಟ್ಟಿದ್ದ.

ಇನ್ನೊಂದು ಆಟ. ಖಾಲಿ ಮನಿ, ಹೊರಗ ಮಳಿ,
ಎಂಟು ಖೋಲಿ, ಎಲ್ಲೋ ಒಂದು ಕೀಲಿಕೈ.
‘ಒಂದು ಸ್ಟಾರ್. ಯಾರೂ ಬೆನ್ನ ಹತ್ತೂದಿಲ್ಲ, ಯಾರೂ ಸಾಯೂದಿಲ್ಲ.
ಕೀಲಿಕೈ ಸಿಗೂದ್ರಾಗ ಚಹಾ ಆರಿತು.’

ಪುಷ್ಯದ ಚಳಿ. ನಸುಕಿನ ನಾಕು ಗಂಟೆ.
ಬೀಡದ ಕಡೆಯ ಕಬ್ಬಿನ ಗ್ಯಾಂಗಿನ ಹುಡುಗಿ ಧನಶ್ರೀ
ಅಪ್ಪನ ಫೋನು ಚಾರ್ಜಿಗೆ ಹಚ್ಚಾಕ ಬಂದಿದ್ದಳು,
ಎಂಟು ವರ್ಷದ್ದು, ಅವ್ವನ ಸ್ವೆಟರಿನ್ಯಾಗ ಮುಳುಗಿ.
ಕೂಡು ಅಂದೆ. ನನ್ನ ಫೋನು ಕೊಟ್ಟೆ.

ಅಕಿ ಕೀಲಿಕೈ ಹುಡುಕಲಿಲ್ಲ.
ಮುಂಬಾಗಲಾ ತಗದಳು. ಮಳಿ ನೋಡಿದಳು. ಹಾಕಿದಳು.
ಮಳಿ ಸಪ್ಪಳ ಸಣ್ಣಾತು.
ತಗದಳು. ಹಾಕಿದಳು.
ಹತ್ತು ಟ್ರ್ಯಾಕ್ಟರ್ ತೂಗಿದೆ ನಾ,
ಅಕಿ ಇನ್ನೂ ಹೊಸ್ತಿಲದಾಗ.
‘ಒಳಗ ಹೋಗವಾ, ಆಟ ಒಳಗೈತಿ.’
ನನ್ನ ಕನ್ನಡ ಅಕಿಗೆ ಅರ್ಧ, ಅಕಿ ಮರಾಠಿ ನನಗ ಅರ್ಧ.
‘ದಾರ ಲಾಗತಂಯ್,’ ಅಂದಳು, ತಲಿ ಎತ್ತಲಿಲ್ಲ.
ಬಾಗಲಾ ಹತ್ತತೈತಿ, ಅಷ್ಟ.
ಗೇಟಿನ ಆಚೆ ಅವರ ಗುಡಸಲ ಸಾಲು,
ತಾಡಪತ್ರಿ ಗಾಳಿಗೆ ಪಟಪಟ ಬಡಕೋತಿತ್ತು.

ಖಾಲಿ ಗಾಡಿ ತೂಗಲಾರದ ಚೀಟಿ ಹರದರ
ಮರುದಿನ ನೌಕರಿ ಇರೂದಿಲ್ಲ.
ಆಟದ ಚೀಟಿ ಮಾತ್ರ ಇಷ್ಟು ದಿನ ಹಂಗ ಹರದೇನಿ.
ತುಂಬಿದ್ದು ಓದೇನಿ.
ಏರಿದಾಂವ ಯಾರು, ಏನು ಹೊತ್ತಿದ್ದ,
ಎಷ್ಟು ತಾಸಿನ ನಿದ್ದಿ ಬಾಕಿ ಇತ್ತು—
ಕಳದಿಲ್ಲ.

ಫೋನು ಚಾರ್ಜ್ ಆತು. ಹೊಂಟಳು.
ಅಡ್ಡದಾರಿ ಅಂತ ಕಾಟಾದ ಹಲಗಿ ಮ್ಯಾಲ ಹಾದಳು.
ನಮ್ಮದು ಹಳೇ ಕಾಟಾ,
ಐವತ್ತು ಕಿಲೋಕ್ಕೊಮ್ಮೆ ಅಲಗತೈತಿ.
ಕೆಂಪು ಸೊನ್ನಿ ಸೊನ್ನಿಯಾಗೇ ಉಳೀತು.

ಗಾಜಿನ ಮ್ಯಾಗಿನ ಚೀಟಿ ಕಿತ್ತೆ.
ಒಂದು ಸ್ಟಾರ್ ಹೊಡದು ಹಾಕಲಿಲ್ಲ, ಅದು ನಂದು.
ಚಹಾ ಆರಿದ್ದೂ ಖರೆ.
ಕೆಳಗ ಬರದೆ:
‘ಬಾಗಲಾ ಸರಿಯಾಗಿ ಹತ್ತತಾವು.’

ಬೆಳಿಗ್ಗೆ ದುಂಡಪ್ಪ ಓದಿ ತಲಿ ಕೆರಕೊಂಡ.
‘ಇದೇನ್ಲೇ, ಬಡಿಗ್ಯಾನ ಜಾಹೀರಾತು?’
ಹಿಂದಿನ ಗಾಡಿ ಹಾರ್ನ್ ಹೊಡೀತು.