ಹಿಡಿ

ಅಮ್ಮ ನಲವತ್ತೊಂದು ವರ್ಷ ಟೀ ಕಪ್ಪಿಗೆ ಹಿಡಿ ಅಂಟಿಸಿದಳು.
ಸ್ಟೋಕಿನ ಕಾರ್ಖಾನೆಯಲ್ಲಿ, ಕಿಟಕಿಯಿಂದ ಮೂರನೆಯ ಬೆಂಚು,
ಡಜನ್ನಿಗೆ ಇಷ್ಟು ಪೆನ್ನಿ.
ಎರಡೂ ತುದಿಗೆ ಜೇಡಿನೀರಿನ ತೊಟ್ಟು,
ಒತ್ತು, ಒರೆಸು, ಮುಂದಿನದು.
ರಾತ್ರಿ ನನ್ನ ಜಡೆ ಹೆಣೆಯುವಾಗಲೂ
ಅವಳ ಹೆಬ್ಬೆರಳು ನನ್ನ ಕಿವಿಯ ಬುಡವನ್ನು
ಒಂದು ಸಲ ಒತ್ತಿ ನೋಡುತ್ತಿತ್ತು,
ಸರಿಯಾಗಿ ಕೂತಿದೆಯೇ ಅಂತ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ನಮ್ಮ ಊರಿಗೆ ದೊಣ್ಣೆಯೂ ಬೇಕಾಗಲಿಲ್ಲ,
ಗೇಟಿಗೆ ಅಂಟಿಸಿದ ಒಂದು ಹಾಳೆ ಸಾಕಾಯಿತು.
ಅಂಟಿಸಿದವನಿಗೆ ಅಂಟಿಸಲು ಬರುತ್ತಿರಲಿಲ್ಲ, ಎಂದಳು ಅಮ್ಮ,
ಸಂಜೆಯೊಳಗೆ ಒಂದು ಮೂಲೆ ಎದ್ದಿತ್ತಂತೆ.

ಈಗ ಅದೇ ಕಟ್ಟಡದ ಹಿಂಬದಿಯ ಎರಡು ಕೋಣೆ
ಬಾಡಿಗೆಗೆ ನನ್ನದು.
ಕಿಟಕಿಯಾಚೆ ಕಾಲುವೆ, ಅದರಾಚೆ ಸೀಸೆಯಾಕಾರದ ಹಳೆಯ ಭಟ್ಟಿ,
ಹೊಗೆ ಮರೆತ ಬಾಯಲ್ಲಿ ಒಂದು ಗಿಡ.
ನನಗೆ ತಿಗರಿ ಬೇಡ. ಮಣ್ಣನ್ನು ಹಗ್ಗದಂತೆ ಹೊಸೆದು
ಸುತ್ತಿನ ಮೇಲೆ ಸುತ್ತು ಏರಿಸುತ್ತೇನೆ, ಸೊಂಟದೆತ್ತರ.
ದಿನಕ್ಕೆ ನಾಲ್ಕು ಬೆರಳು, ಅಷ್ಟೇ.
ಆತುರ ಮಾಡಿದರೆ ಇಡೀ ಪಾತ್ರೆ ಕೂತುಬಿಡುತ್ತದೆ,
ಅಂಗಡಿಯ ನಡುವೆ ಹಟ ಹಿಡಿದ ಮಗುವಿನ ಹಾಗೆ.
ಆದ್ದರಿಂದ ಕಾಯುವುದೇ ಅರ್ಧ ಕೆಲಸ:
ಒದ್ದೆ ಬಟ್ಟೆ ಹೊದಿಸು, ರೇಡಿಯೋ ಕೇಳು,
ಓಟ್‌ಕೇಕಿನಲ್ಲಿ ಚೀಸ್ ಸುತ್ತಿ ತಿನ್ನು,
ಗೆಣ್ಣಿನಿಂದ ತಟ್ಟು.
ಥಪ್ ಅಂದರೆ ಇನ್ನೂ ಹಸಿ. ಟೊಕ್ ಅಂದರೆ ಏರಬಹುದು.

ಏಳನೆಯ ದಿನ ಒಂದು ಹೆಗಲು ತಗ್ಗಿತು.
ನಾನು ತಗ್ಗಿಸಿದ್ದಲ್ಲ.
ನೋಡಿದೆ. ಬಿಟ್ಟೆ. ಕಂಠವನ್ನೂ ಅತ್ತಲೇ ವಾಲಿಸಿದೆ,
ಬಸ್ಸಿನಲ್ಲಿ ಪಕ್ಕದ ಸೀಟಿನ ಮಾತಿಗೆ ಕಿವಿಗೊಡುವವಳಂತೆ.

ಸಾವಿರದ ಇನ್ನೂರ ಇಪ್ಪತ್ತು ಡಿಗ್ರಿ.
ಅಲ್ಲಿ ನನ್ನ ಮಾತು ನಡೆಯುವುದಿಲ್ಲ.
ಮಾರ್ಚಿಯಲ್ಲಿ ಮೂರು ಇಟ್ಟೆ, ಒಂದು ಬಂತು.
ಒಂದು ತಳದಿಂದ ತುಟಿಯವರೆಗೆ ಸೀಳಿತ್ತು,
ಇನ್ನೊಂದರ ವಿಷಯ ಬೇಡ.
ಉಳಿದದ್ದು ಹೊರಗೆ ಬೂದಿಬಿಳುಪು, ಒಳಗೆ ಕಬ್ಬಿಣಗೆಂಪು,
ತಣ್ಣಗಾಗುತ್ತ ಟಿಂಗ್ ಟಿಂಗ್ ಗೊಣಗುತ್ತಿತ್ತು.

ಗ್ಯಾಲರಿಯ ಕ್ರಿಸ್ಪಿನ್ ಮ್ಯಾಂಚೆಸ್ಟರಿನಿಂದ ಬಂದು ಎರಡು ಸುತ್ತು ಹಾಕಿ
'ಶೂನ್ಯದೊಡನೆ ಸಂವಾದ' ಎಂದು ಬರೆದುಕೊಂಡ.
ಒಳಗೆ ಶೂನ್ಯವೇನೂ ಇರಲಿಲ್ಲ.
ನನ್ನ ಬಲಗೈಯ ಉದ್ದ ಇತ್ತು.
ಅದಕ್ಕಿಂತ ಆಳ ನಾನು ಮಾಡಲಾರೆ.

ಭಾನುವಾರ ಅಮ್ಮ ಬಂದಳು, ಎಂಬತ್ತಾರು,
ಬಿಂಗೋಗೆ ಹೋಗುವ ದಾರಿಯಲ್ಲಿ, ಲಿಪ್‌ಸ್ಟಿಕ್ ಹಚ್ಚಿ.
ಮೊದಲು ಕನ್ನಡಕ ತೆಗೆದಳು,
ಕಣ್ಣಿನಿಂದ ಪಾತ್ರೆ ನೋಡಿದವಳಲ್ಲ ಅವಳು ಯಾವತ್ತೂ.
ಎರಡೂ ಅಂಗೈ ಹೊಟ್ಟೆಯಿಂದ ಹೆಗಲಿಗೇರಿ
ತಗ್ಗಿದ ಕಡೆ ಇಳಿದು, ಮತ್ತೆ ಹತ್ತಿ,
ಹುಡುಕುತ್ತಲೇ ಇದ್ದವು.
'ಎಲ್ಲಿ ಹಿಡೀಬೇಕೇ ಇದನ್ನ, ಬಾತುಕೋಳಿ?'
(ನಮ್ಮ ಕಡೆ ಅದು ಪ್ರೀತಿಯ ಕರೆ, ಬಸ್ಸಿನ ಡ್ರೈವರನಿಗೂ ಸಲ್ಲುತ್ತದೆ.)
ಹಿಡಿಯೋದಲ್ಲ ಅಮ್ಮ.
'ಸುರಿಯೋದು?'
ಸುರಿಯೋದೂ ಅಲ್ಲ.
'ಡಜನ್ನಿಗೆ ಎಷ್ಟು ಕೊಡ್ತಾರೆ?'
ಒಂದಕ್ಕೆ ಒಂಬೈನೂರು ಪೌಂಡು, ಅಂದೆ, ಕದ್ದವಳ ದನಿಯಲ್ಲಿ.

ಅವಳು ನಗಲಿಲ್ಲ. ತುಟಿ ಅಲ್ಲಾಡಿತು,
ಅಷ್ಟಕ್ಕೆ ಎಷ್ಟು ಹಿಡಿ, ಎಷ್ಟು ಚಳಿಗಾಲ,
ಲೆಕ್ಕ ಎಲ್ಲೋ ಕೈಬಿಟ್ಟು ನಿಂತಳು.
ಅಷ್ಟರಲ್ಲಿ ಹೆಬ್ಬೆರಳು ಕಂಠದ ಬುಡಕ್ಕೆ ಬಂದಿತ್ತು.
ಒಂದು ಸಲ ಒತ್ತಿತು.
'ಇಲ್ಲಿ ಅವಸರ ಮಾಡಿದ್ದೀಯ.'
ಕನ್ನಡಕ ಹಾಕಿಕೊಂಡು ಹೊರಟಳು, ಬಸ್ಸಿಗೆ ಹೊತ್ತಾಗಿತ್ತು.

ಒಂಬತ್ತನೆಯ ದಿನ. ಹೌದು, ಫೋನ್ ಬಂದಿತ್ತು.
ಮೆರುಗಿನ ಮೇಲೆ ಬಿರುಕಿಲ್ಲ, ಗೆರೆಯೂ ಇಲ್ಲ,
ಟಾರ್ಚು ಬಿಟ್ಟು ನೋಡಿದೆ, ಏನೂ ಇಲ್ಲ.
ನಾಳೆ ಕ್ರಿಸ್ಪಿನ್ನನ ವ್ಯಾನು ಬರುತ್ತದೆ.
ರಾತ್ರಿಯಿಡೀ ನನ್ನ ಹೆಬ್ಬೆರಳು
ಅಲ್ಲಿಗೇ ಹೋಗಿ ಹೋಗಿ ಬರುತ್ತಿದೆ.