ಹದಿನಾಲ್ಕನೇ ನಂಬರಿನ ಗಾಜು

ಮೂವತ್ತೊಂದು ವರ್ಷ ಎದುರಿಗೆ ಕೂತವರಿಗೆಲ್ಲ
ಒಂದೇ ಮಾತು ಹೇಳಿದ್ದೇನೆ:
ಇಲ್ಲಿ ನೋಡಿ. ರೆಪ್ಪೆ ಬಡಿಯಬೇಡಿ.
ಈಗ ದುರ್ಗಿಗುಡಿಯ ಈ ತಾರಸಿಯ ಮೇಲೆ
ರೆಪ್ಪೆಯೇ ಇಲ್ಲದವನೊಬ್ಬ ಎದುರಿಗೆ.
ಈ ಸಲ ನೋಡಬಾರದ್ದು ನಾನು.

ಅಮಾವಾಸ್ಯೆಗೆ ಹನ್ನೆರಡು ದಿನ.
ಗ್ರಹಣ ಹಿಡಿಯುವ ಹೊತ್ತಿಗೇ, ಬೆಳಿಗ್ಗೆ ಎಂಟಕ್ಕೆ,
ತುಂಗೆಯ ಮಂಜು ಬೀದಿಯಿಂದ ಬೀದಿಗೆ ಕರಗುವಾಗ
ಸ್ಟ್ಯಾಂಡಿನ ಮೂರು ಕಾಲು ಬಿಡಿಸುತ್ತೇನೆ.
ಭದ್ರಾವತಿಯಿಂದ ಮೊದಲ ಬಸ್ಸಿಗೆ ಬರುತ್ತಾನೆ ಆರೋಗ್ಯಸ್ವಾಮಿ.
ಮಂಕಿ ಟೋಪಿ; ಎದೆಯ ಜೇಬಿನಲ್ಲಿ ಕರ್ಚೀಫು ಸುತ್ತಿದ ವೆಲ್ಡಿಂಗ್ ಗಾಜು.
"ಹತ್ತು, ಹನ್ನೊಂದು ಆಗಲ್ಲ ಸಾರ್,
ಅವೆಲ್ಲ ಗೇಟು ಗ್ರಿಲ್ಲಿಗೆ. ಇವನಿಗೆ ಹದಿನಾಲ್ಕೇ ಬೇಕು."
ಕಪ್ಪು ಟೇಪಿನಲ್ಲಿ ಲೆನ್ಸಿನ ಬಾಯಿಗೆ ಅಂಟಿಸಿ
ಬೆಳಕು ನುಸುಳುವ ಸಂದಿ ಉಳಿಯಿತೇ ಎಂದು
ಕಣ್ಣು ಮುಚ್ಚಿ ಬೆರಳಲ್ಲೇ ತಡವುತ್ತಾನೆ.

ಮೊದಲ ದಿನ ಸಿಕ್ಕಿದ್ದು ವೈರಿನ ಮೇಲಿನ ಕಾಗೆಯ ಬಾಲ.
ಮರುದಿನ ಸೂರ್ಯ, ನೆನೆಸಿಟ್ಟ ಬಟಾಣಿಯ ಹಾಗೆ
ಹಸಿರು, ಅಂಚು ಊದಿಕೊಂಡು.
ಫೋಕಸ್ಸು ಅನಂತಕ್ಕೆ ತಿರುಗಿಸಿದರೆ ಸಾಲದು,
ಅನಂತದಿಂದ ಒಂದು ಕೂದಲೆಳೆ ಹಿಂದೆ ಬರಬೇಕು.
ಅದನ್ನು ಕಲಿಯುವಷ್ಟರಲ್ಲಿ ಚೌಕಟ್ಟಿನಿಂದ ಜಾರಿರುತ್ತಾನೆ.
ಮದುವೆ ಮನೆಯ ಅಜ್ಜಂದಿರೂ ಹೀಗೆಯೇ,
ಗ್ರೂಪ್ ಫೋಟೊ ಅನ್ನುವಾಗ ಊಟದ ಪಂಕ್ತಿಯಲ್ಲಿ.

ಪಿಂಚಣಿ ಫೋಟೊಕ್ಕೆ ಬಂದ ಪೋಸ್ಟ್‌ಮಾಸ್ತರರು ನಕ್ಕರು:
"ಗ್ರಹಣವೇ ಹಿಡಿದಿಲ್ಲ, ಏನನ್ನ ತೆಗೀತೀರಿ?"
ಹೌದು. ಏನೂ ಆಗದ ಸೂರ್ಯನದು ಇನ್ನೂರ ಆರು ಫೋಟೊ.
ಮದುವೆ, ನಾಮಕರಣ, ಬೀಳ್ಕೊಡುಗೆ,
ಏನಾದರೂ ಆದರೆ ತಾನೆ ನನ್ನನ್ನು ಕರೆಯುವುದು?
ಬರಿಯ ಒಂದು ಮಂಗಳವಾರದ ಮುಖ
ನಾನು ಯಾರದ್ದೂ ತೆಗೆದವನಲ್ಲ.

ಐದನೇ ದಿನ ಅವನ ಕೆನ್ನೆಯಲ್ಲೊಂದು ಚುಕ್ಕೆ.
ಲೆನ್ಸು ಒರೆಸಿದೆ. ಗಾಜು ಒರೆಸಿದೆ. ಒಳಗೆಲ್ಲ ಗಾಳಿ ಊದಿದೆ.
ಹೋಗಲಿಲ್ಲ. ಎಷ್ಟು ಮದುವಣಗಿತ್ತಿಯರ ಮಚ್ಚೆ ಅಳಿಸಿದ ಕೈ,
ರಾತ್ರಿ ಕಂಪ್ಯೂಟರಿನಲ್ಲಿ ಇದನ್ನೂ ಅಳಿಸಿ
ನುಣ್ಣಗೆ ಮಾಡಿ ಮಲಗಿದೆ.
ಏಳನೇ ದಿನ, ಕೆಳಗಿನ ಟೈಲರ್ ಮಗಳು ಮುಬೀನಾ,
ಒಂಬತ್ತನೇ ಕ್ಲಾಸು, ಪರದೆಗೆ ಮೂಗು ತಾಗಿಸಿ,
"ಅಂಕಲ್, ಇದು ಮೊನ್ನೆ ಇಲ್ಲಿತ್ತು. ಇವತ್ತು ಅಲ್ಲಿ.
ಧೂಳಾದ್ರೆ ನಡೆಯತ್ತಾ?"
ಮೂವರೂ ಸುಮ್ಮನಾದೆವು.
ನುಣ್ಣಗಿನ ಪ್ರತಿಯನ್ನು ಕಸಕ್ಕೆ ಹಾಕಿದೆ.

ಆರೋಗ್ಯಸ್ವಾಮಿ ಹೆಚ್ಚು ಮಾತಿನವನಲ್ಲ. ಅವತ್ತು ಅಂದ:
"ಇದನ್ನೇ ನೋಡ್ಕೊಂಡು ಸಂಬಳ ತಗೊಂಡೆ ಸಾರ್,
ರಾಡಿನ ತುದೀಲಿ, ಸಾಸಿವೆ ಸೈಜಿಂದು.
ಒಂದೇ ಸಲ ಗಾಜಿಲ್ದೆ ನೋಡ್ದೆ. ರಾತ್ರಿಯೆಲ್ಲ ಕಣ್ಣಲ್ಲಿ ಮರಳು.
ಹೆಂಡ್ತಿ ಆಲೂಗಡ್ಡೆ ಹೋಳು ಇಟ್ಟು ಇಟ್ಟು ತೆಗೆದ್ಲು,
ಬೆಳಗಾಗೋವರೆಗೂ."

ಇವತ್ತು ಕೊನೆಯ ರಿಹರ್ಸಲ್. ಸೂರ್ಯ ರೆಡಿ, ಚಂದ್ರ ಇಲ್ಲ.
ಮುಬೀನಾ ಅಮ್ಮನ ಜೀರಿಗೆ ಡಬ್ಬಿಯ ಮುಚ್ಚಳ ತಂದು
ಪೊರಕೆ ಕೋಲಿಗೆ ಕಟ್ಟಿ, ನೀರಿನ ಟ್ಯಾಂಕಿನ ಪಕ್ಕ
ಸೂರ್ಯನಿಗೆ ಬೆನ್ನು ಹಾಕಿ ನಿಂತಳು.
ಮೇಲೆ ನೋಡಬೇಕಿಲ್ಲ, ನೆರಳು ನೋಡಿದರೆ ಸಾಕು:
ತಾರಸಿಯ ಬಿರುಕು ದಾಟಿ, ಯಾರದೋ ಒದ್ದೆ ಲುಂಗಿ ದಾಟಿ,
ಆರೋಗ್ಯಸ್ವಾಮಿಯ ಚಪ್ಪಲಿ ಹತ್ತಿ ಇಳಿದು
ತೆವಳುತ್ತ ಬಂತು ಒಂದು ಮಸುಕು ಬಿಲ್ಲೆ.
"ಎಡಕ್ಕೆ ಚಂದ್ರ, ಇನ್ನೂ ಎಡಕ್ಕೆ, ನಡುಗಬೇಡ!"
"ಚಳಿ ಅಂಕಲ್!" ಅಂದಿತು ಚಂದ್ರ.

ನೆರಳು ಲೆನ್ಸು ಮುಟ್ಟಿತು.
ಪರದೆಯಲ್ಲಿ ಬಟಾಣಿಯ ಅಂಚು ಸವೆದು ಕುಡುಗೋಲಾಗಿ,
ಆಮೇಲೆ ಒಂದು ಕ್ಷಣ, ಅಷ್ಟೇ,
ಸುತ್ತಲೂ ಗಾಜಿನ ಬಳೆಯಷ್ಟು ಬೆಳಕು.
ನನ್ನ ಹಣೆಯ ಮೇಲೆ ಅಂಗೈಯಗಲ ತಂಪು.
ಒತ್ತಬೇಕಾದ ಬೆರಳು ಒತ್ತಲಿಲ್ಲ.

ಕೆಳಗಿನಿಂದ ಕೂಗು: "ಜೀರಿಗೆ ಮೆತ್ತಗಾಯ್ತು, ಮುಚ್ಚಳ ಎಲ್ಲೇ?"
"ಇನ್ನೊಂದ್ಸಲ," ಅಂದ ಆರೋಗ್ಯಸ್ವಾಮಿ,
ಚಂದ್ರನನ್ನು ಮೊದಲಿನ ಜಾಗಕ್ಕೆ ಕಳಿಸುತ್ತ.