ಜೂನ್ ಒಂದು

ಭಾನುವಾರದ ಮಕ್ಕಳ ಪಾಠಕ್ಕೆ ಶೆಲೋಮಿ
ಬಣ್ಣದ ಪೆನ್ಸಿಲ್ ಮರೆತು ಒಂದು ಕಲ್ಲು ತಂದಳು,
ಕುಂಸಿಯಲ್ಲಿ ಮಾವನ ಮನೆ ಹಿಂದಿನ ಹಳ್ಳದ್ದು.
ಅಡ್ಡ ಕೊಯ್ದ ಎಲೆಕೋಸಿನ ಹಾಗೆ ಒಳಗೆ ಪದರ, ಪದರ.
'ಟೀಚರ್, ಇದನ್ನ ಪಾಚಿ ಕಟ್ಟಿದ್ದಂತೆ,
ಇನ್ನೂರರವತ್ತು ಕೋಟಿ ವರ್ಷ ಆಯ್ತಂತೆ,
ಕಾಲೇಜಿನ ಸರ್ ಲೆನ್ಸ್ ಹಿಡಿದು ತೋರಿಸಿದರು'
ಎಂದವಳೇ ಕಾಣಿಕೆ ತಟ್ಟೆಯ ಪಕ್ಕ ಇಟ್ಟಳು.

ಹೋದ ವಾರವಷ್ಟೇ ಉಪದೇಶಿ ಸತ್ಯಮಿತ್ರರು
ಇದೇ ಹಲಗೆಯ ಮೇಲೆ ಕೂಡುವ ಲೆಕ್ಕ ಹಾಕಿದ್ದರು.
ಆದಾಮನಿಗೆ ನೂರ ಮೂವತ್ತಾದಾಗ ಸೇತ,
ಸೇತನಿಗೆ ನೂರ ಐದಾದಾಗ ಎನೋಷ,
ಹೀಗೆ ಒಬ್ಬರ ಹೆಗಲಿಂದ ಒಬ್ಬರು ಇಳಿದು ಬಂದರೆ
ಆರು ಸಾವಿರ, ಚಿಲ್ಲರೆ.
ಚಿಲ್ಲರೆಯನ್ನು ಮಾತ್ರ ಮೆಲ್ಲಗೆ ಹೇಳಿದ್ದರು.

ಮಕ್ಕಳು ನನ್ನ ಮುಖ ನೋಡಿದರು.
ನಾನು ಕಲ್ಲು ನೋಡಿದೆ.

ಭದ್ರಾವತಿಯಲ್ಲಿ ನಮಗೆ ಬೆಳಗು ಮಾಡುತ್ತಿದ್ದುದು
ಸೂರ್ಯನಲ್ಲ, ಕಾರ್ಖಾನೆಯ ಸೈರನ್.
ಸೂರ್ಯ ಹುಟ್ಟಿದ್ದು ನಾಲ್ಕನೆಯ ದಿನವಾದರೆ
ಮೊದಲ ಮೂರನ್ನು ದಿನ ಅಂದವರು ಯಾರು?
ಇವಳ ವಯಸ್ಸಿನಲ್ಲಿ ನಾನೂ ಕೇಳಿದ್ದೆ.
ಕುಲುಮೆಯ ಇಸಾಕಪ್ಪ, ಹುಬ್ಬು ಸುಟ್ಟುಕೊಂಡ ನನ್ನಪ್ಪ,
ರಾತ್ರಿ ಪಾಳಿ ಮುಗಿಸಿ ಬಂದು ಗಂಜಿ ಕುಡಿಯುತ್ತಿದ್ದ.
'ಬಿಸಿಲಿಲ್ಲದ ದಿನ ಇರುತ್ತೆ ಮಗಾ,
ಈಗಷ್ಟೇ ಒಂದು ಮುಗಿಸಿ ಬಂದೆ' ಅಂದ.
ಎಷ್ಟು ಗಂಟೆಯದು?
'ಅದು ಪಾಳಿ ಹಾಕಿದವನಿಗೆ ಗೊತ್ತು.'

ಅಪ್ಪ ಹುಟ್ಟಿದ್ದು ಜೂನ್ ಒಂದರಂದು.
ಅವನ ತಮ್ಮನೂ, ಪಕ್ಕದ ಮನೆಯ ಗುಲ್ಜಾರ್ ಸಾಬರೂ,
ಅವರ ತರಗತಿಯ ಹದಿನಾಲ್ಕು ಹುಡುಗರೂ.
ಬಲಗೈ ನೆತ್ತಿಯ ಮೇಲಿಂದ ಬಂದು
ಎಡಗಿವಿ ಮುಟ್ಟಿತೇ ನೋಡಿ
ಮುಟ್ಟಿದರೆ ಹೆಡ್‌ಮೇಷ್ಟ್ರು ಒಂದು ಇಸವಿ ಬರೆಯುತ್ತಿದ್ದರು.
ಅಜ್ಜಿಯ ಲೆಕ್ಕವೇ ಬೇರೆ:
'ಲಕ್ಕವಳ್ಳಿ ಅಣೆಕಟ್ಟಿಗೆ ಕಲ್ಲು ಹೊರೋವಾಗ ಹೊಟ್ಟೇಲಿದ್ದ,
ಹಲಸು ಮುಗೀತಾ ಬಂದಿತ್ತು,
ಪುನರ್ವಸು ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು.'

ಜೂನ್ ಒಂದು ಸುಳ್ಳೆಂದು ಹೇಗೆ ಹೇಳಲಿ?
ಅದರ ಮೇಲೆ ಅವನ ಕೆಲಸ, ನನ್ನ ಫೀಸು, ಅಕ್ಕನ ಮದುವೆ ನಿಂತಿತ್ತು.
ಅದೇ ತಾರೀಖು ಅವನನ್ನು
ಎರಡು ವರ್ಷ ಮೊದಲೇ ಮನೆಗೂ ಕಳಿಸಿತು.
ಅಪ್ಪ ಅಪ್ಪನಾಗಿರಲು ನಾನದನ್ನು ತಿದ್ದಬೇಕಿರಲಿಲ್ಲ,
ನಂಬಬೇಕಾಗಿಯೂ ಇರಲಿಲ್ಲ.

ಇಷ್ಟನ್ನು ಮಕ್ಕಳಿಗೆ ಹೇಳಿದೆ.
ಬುಧವಾರ ಸಂಜೆ ಉಪದೇಶಿಗಳು ಮನೆಗೆ ಬಂದರು.
ಜಗಳವಾಡಲಿಲ್ಲ. ಕಾಫಿಗೆ ಸಕ್ಕರೆ ಬೇಡವೆಂದರು.
ಕಲ್ಲನ್ನು ತಿರುಗಿಸಿ, ಪದರದ ಮೇಲೆ ಉಗುರಾಡಿಸಿ,
'ಹಳೆಯದಾಗಿಯೇ ಮಾಡಿದ್ದರೂ ಮಾಡಿರಬಹುದು,
ಆದಾಮನಿಗೆ ಮೊದಲ ದಿನವೇ ಮೀಸೆ ಇರಲಿಲ್ಲವೇ?' ಎಂದು
ತಾವೇ ಸ್ವಲ್ಪ ನಕ್ಕರು.
ಕಾನ್ವೆಂಟಿನ ಸಿಸ್ಟರ್ ಲಿಯೊಕಾಡಿಯಾಗೆ ಇದು ತೊಡಕೇ ಅಲ್ಲ,
ಬರೆದವರು ಗಡಿಯಾರ ನೋಡಿ ಬರೆದಿಲ್ಲ ಅನ್ನುತ್ತಾರೆ, ಎಂದೆ.
ಅವರು ಬಹಳ ಹೊತ್ತು ಲೋಟವನ್ನೇ ನೋಡಿದರು.

'ಮೊದಲ ಪುಟ ಸಡಿಲವಾದರೆ, ಅಮ್ಮಾ,
ಕೊನೆಯ ಪುಟ ಯಾವ ದಾರದಲ್ಲಿ ನಿಲ್ಲುತ್ತೆ?
ನಮ್ಮ ರಾಹೇಲಮ್ಮ ಎದ್ದು ಬರುವುದು
ಅಲ್ಲಿ ತಾನೇ ಬರೆದಿರೋದು.'

ಆಕೆಯ ಸಮಾಧಿಗೆ ಕಲ್ಲು ಹಾಕಿ ಇನ್ನೂ ವರ್ಷ ತುಂಬಿಲ್ಲ.
ಹೆಸರು, ಎರಡು ತಾರೀಖು, ನಡುವೆ ಒಂದು ಗೆರೆ.
ಆ ಕಲ್ಲಿಗೆ ಎಷ್ಟು ವಯಸ್ಸೆಂದು
ಕೆತ್ತಿದವನೂ ಕೇಳಿರಲಿಲ್ಲ.
ನನ್ನ ಜೂನ್ ಒಂದು ಅಲ್ಲಿಯವರೆಗೆ ಹೋಗಲಿಲ್ಲ.
ಕಾಫಿ ಆರಿತ್ತು, ಮತ್ತೆ ಬಿಸಿ ಮಾಡಿ ಕೊಟ್ಟೆ.

ಏಳುವಾಗ ಕಲ್ಲನ್ನು ಕರ್ಚೀಫಿನಲ್ಲಿ ಸುತ್ತಿಕೊಂಡರು.
'ಒಂದು ವಾರ ನನ್ನ ಹತ್ತಿರ ಇರಲಿ.'

ಐದು ಭಾನುವಾರ ಕಳೆದಿವೆ.
ಉಪದೇಶಿಗಳು ದಿನಾ ಬರುತ್ತಾರೆ, ಕಲ್ಲಿನ ಸುದ್ದಿ ಎತ್ತುವುದಿಲ್ಲ.
ಹಲಗೆಯ ಮೇಲಿನ ಲೆಕ್ಕವನ್ನು ಯಾರೂ ಅಳಿಸಿಲ್ಲ,
ಮಕ್ಕಳ ಭುಜ ತಾಗಿ ಎನೋಷ ಅರ್ಧ ಹೋಗಿದ್ದಾನೆ.
ಶೆಲೋಮಿ ಕೇಳುತ್ತಾಳೆ, ನನ್ನ ಕಲ್ಲು?
ಒಂದು ವಾರಕ್ಕೆಂದು ಒಯ್ದಿದ್ದಾರೆ, ಕೊಡ್ತಾರೆ, ಅನ್ನುತ್ತೇನೆ.

'ಅವರ ವಾರಕ್ಕೆ ಎಷ್ಟು ದಿನ ಟೀಚರ್?'